ಐದು ಆಂಪಿಯರಿನ ನಸ್ರಿ

ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಬ್ರೇಕರುಗಳ ಒಂದು ಹಲಗೆಯಿದೆ. ಪ್ರತಿ ಮನೆಗೆ ಒಂದೊಂದು ಕಪ್ಪು ಗುಂಡಿ, ಅದರ ಕೆಳಗೆ ಬಿಳಿ ಪಟ್ಟಿಯ ಮೇಲೆ ನೀಲಿ ಶಾಯಿಯಲ್ಲಿ ಮನೆಯವರ ಹೆಸರು. ತೀರಿಕೊಂಡವರ ಹೆಸರುಗಳೂ ಅಲ್ಲಿ ಹಾಗೆಯೇ ಇವೆ. ಅಕ್ಷರ ದುಂಡಗಿದೆ, ಸಾಲು ಎಲ್ಲೂ ಓರೆಯಾಗಿಲ್ಲ. ಅದನ್ನು ಬರೆದವರು ನಸ್ರಿ ಫರ್ಹೂದ್. ಫುರ್ನ್ ಶುಬ್ಬಾಕ್‌ನ ನಮ್ಮ ಬೀದಿಗೆ ಅವರು ಬಹುಕಾಲ ಕರೆಂಟಿನ ಮನುಷ್ಯರಾಗಿದ್ದರು.

ಸರ್ಕಾರದ ಕರೆಂಟು ಬಂದುಹೋಗುವ ಅತಿಥಿ. ಮಿಕ್ಕ ಹೊತ್ತಿಗೆಲ್ಲ ಬೀದಿಯ ಜನರೇಟರೇ ಗತಿ. ಅದರ ಮಾಲೀಕ ಬೇರೆಲ್ಲೋ ಇರುತ್ತಿದ್ದ. ತಂತಿ ಎಳೆಯುವುದು, ಬಿದ್ದ ಬ್ರೇಕರ್ ಎತ್ತುವುದು, ತಿಂಗಳ ಚಂದಾ ವಸೂಲು ಮಾಡುವುದು, ಬೈಸಿಕೊಳ್ಳುವುದು ಎಲ್ಲ ನಸ್ರಿಯವರ ಪಾಲು. ಹೆಚ್ಚಿನವರು ಐದು ಆಂಪಿಯರಿನ ಚಂದಾದಾರರು. ಐದು ಆಂಪಿಯರ್ ಎಂದರೆ ನೀರು ಕಾಯುತ್ತಿದ್ದಾಗ ಇಸ್ತ್ರಿ ಪೆಟ್ಟಿಗೆ ಮುಟ್ಟಬಾರದು, ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿದ್ದಾಗ ಕರೆಂಟಿನ ಒಲೆ ಹಚ್ಚಬಾರದು. ಮರೆತರೆ ಕೆಳಗೆ 'ಟಕ್' ಎಂದು ಸದ್ದಾಗುತ್ತದೆ, ಮನೆ ಕತ್ತಲಾಗುತ್ತದೆ. ಆಗ ಬಾಲ್ಕನಿಯಿಂದ ಯಾರಾದರೂ "ಮಅಲ್ಲಿಂ" ಎಂದು ಕೂಗುತ್ತಿದ್ದರು. ಕಸುಬು ಬಲ್ಲವರನ್ನು ನಮ್ಮಲ್ಲಿ ಕರೆಯುವುದೇ ಹಾಗೆ.

ಎಷ್ಟು ಗೋಗರೆದರೂ ಐದು ಆಂಪಿಯರಿನ ತಂತಿಗೆ ಅವರು ಹತ್ತರ ಬ್ರೇಕರ್ ಹಾಕುತ್ತಿರಲಿಲ್ಲ. ಕೆಳಮನೆಯಲ್ಲಿ ಹೆಂಗಸರ ಕೂದಲು ಸಿಂಗರಿಸುವ ಅಂಗಡಿ ಇಟ್ಟಿದ್ದ ನವಾಲ್ ಒಮ್ಮೆ ಮದುವೆಗಳ ತಿಂಗಳಲ್ಲಿ, ಬ್ರೇಕರ್ ಬೀಳದಂತೆ ಅದರ ಗುಂಡಿಗೆ ಚಮಚದ ಹಿಡಿಯನ್ನು ಸಿಗಿಸಿ ಟೇಪು ಸುತ್ತಿದ್ದಳು. ತಂತಿ ಕಾದು ಗೋಡೆಯ ಬಣ್ಣ ಕಪ್ಪಾಯಿತು. ಅಂದು ನಸ್ರಿ, ದನಿ ಏರಿಸದ ಮನುಷ್ಯ, ಮದುಮಗಳ ಎದುರಿಗೇ ಅವಳಿಗೆ ಬೈದರು. ಬ್ರೇಕರ್ ಬೀಳುವುದು ಮನೆ ಉಳಿಯಲೆಂದು ತಾನೆ, ಅದನ್ನು ಕಟ್ಟಿಹಾಕಿದವಳು ಮನೆಯನ್ನೇ ಸುಡುತ್ತಿದ್ದಾಳೆ ಎಂಬುದು ಅವರ ಮಾತಿನ ಸಾರ. ವಾರವಿಡೀ ಅವಳ ಲೈನು ಕತ್ತರಿಸಿಟ್ಟರು. ಮೂರನೆಯ ಮಹಡಿಯ ನನಗೂ ಆ ಜಗಳ ಸ್ಪಷ್ಟವಾಗಿ ಕೇಳಿಸಿತ್ತು.

ಅವರು ಮದುವೆಯಾಗಲಿಲ್ಲ. ಆರನೆಯ ಮಹಡಿಯಲ್ಲಿ, ತಂದೆಯ ಕಾಲದ ಬಾಡಿಗೆ ಮನೆಯಲ್ಲಿ, ಅಕ್ಕ ಜೂಲಿಯೆಟ್ ಜೊತೆಗಿದ್ದರು. ಜೂಲಿಯೆಟ್ ಹೊಲಿಗೆಯವರು; ನನ್ನ ಶಾಲೆಯ ಸಮವಸ್ತ್ರಗಳನ್ನೆಲ್ಲ ಹೊಲಿದವರು ಅವರೇ. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಬೆಳೆಸಿದವರೂ ಅವರೇ. ಯುದ್ಧದ ದಿನಗಳಲ್ಲಿ ನೆಲಮಾಳಿಗೆಯ ಕತ್ತಲಲ್ಲಿ ಕೂತು ಕೂತು ಅವರಿಗೆ ಕತ್ತಲೆಂದರೆ ಮೈ ನಡುಕ ಹತ್ತಿಬಿಟ್ಟಿತ್ತು. ತಮ್ಮನು ಕರೆಂಟಿನ ಕೆಲಸ ಕಲಿತದ್ದು ಅದಕ್ಕಾಗಿಯೇ ಎಂದು ಅವರು ತಮಾಷೆ ಮಾಡುತ್ತಿದ್ದರು. ಅದು ಬರಿಯ ತಮಾಷೆಯಾಗಿರಲಾರದು ಎಂದು ನನಗೆ ಆಮೇಲೆ ಅನ್ನಿಸಿದೆ.

ಮರೆವು ಜೂಲಿಯೆಟ್‌ರನ್ನು ನಿಧಾನವಾಗಿ ಹಿಡಿಯಿತು. ಮೊದಲು ಸೂಜಿ ಇಟ್ಟ ಜಾಗ, ಆಮೇಲೆ ಉರಿಯುವ ಒಲೆ, ಕೊನೆಗೆ ತಮ್ಮನ ಗುರುತು. ಬೆಟ್ಟದ ಮೇಲಿನ ಸನ್ಯಾಸಿನಿಯರ ವೃದ್ಧಾಶ್ರಮಕ್ಕೆ ಸೇರಿಸದೆ ದಾರಿಯಿರಲಿಲ್ಲ. ಅಲ್ಲಿ ಎಲ್ಲರೂ ಒಟ್ಟಿಗೆ ಮಲಗುವ ದೊಡ್ಡ ಕೋಣೆಯಲ್ಲಿ, ಡೀಸೆಲ್ ಉಳಿಸಲೆಂದು ಊಟವಾದ ಕೂಡಲೇ ದೀಪ ಆರಿಸುತ್ತಿದ್ದರು. ಮೊದಲ ವಾರ ಜೂಲಿಯೆಟ್ ಮಂಚದ ಕೆಳಗೆ ಮುದುಡಿಕೊಂಡು ಸಿಕ್ಕರು, ಎಳೆದರೆ ಕಚ್ಚಿದರು. ನಸ್ರಿ ಹೆಚ್ಚಿನ ಹಣ ಕೊಟ್ಟು ಮೂಲೆಯ ಒಂಟಿ ಕೋಣೆ ಕೊಡಿಸಿದರು. ಅಲ್ಲಿ ಬ್ಯಾಟರಿಗೆ ಜೋಡಿಸಿದ ದೀಪವೊಂದು ರಾತ್ರಿಯೆಲ್ಲ ಉರಿಯುತ್ತಿತ್ತು. ಆ ದೀಪ ಉರಿಯುತ್ತಿರಬೇಕಾದರೆ ತಿಂಗಳು ತಿಂಗಳೂ ಡಾಲರು ಬೇಕಿತ್ತು.

ಆಮೇಲೆ ಸೌರ ಫಲಕಗಳು ಬಂದವು. ಒಂದೊಂದೇ ಮಹಡಿ ಮನೆಯ ತಾರಸಿ ನೀಲಿಯಾಯಿತು. ಜನ ಜನರೇಟರಿನ ಚಂದಾ ಬಿಡತೊಡಗಿದರು. ಮಾಲೀಕ ಯಂತ್ರವನ್ನು ಪಕ್ಕದ ಬೀದಿಯವನಿಗೆ ಮಾರಿ, ನಸ್ರಿಯವರ ಕೈಗೊಂದು ಲಕೋಟೆ ಕೊಟ್ಟ. ಬಾಲ್ಕನಿಗಳಿಂದ ಯಾರೂ ಅವರನ್ನು ಕೂಗದಾದರು. ಆದರೂ ದಿನವೂ ಇಳಿದು ಬಂದು ಹಲಗೆಯ ಧೂಳು ಒರೆಸಿ ಹೋಗುತ್ತಿದ್ದರು. ಎದುರಾದರೆ, "ನಿಮ್ಮ ಮನೇಲಿ ಎಲ್ಲ ಸರಿಯಾಗಿ ಉರೀತಿದ್ಯಾ, ಸಿತ್ತ್ ವಿದಾದ್?" ಎಂದು ನನ್ನನ್ನು ವಿಚಾರಿಸುತ್ತಿದ್ದರು; ಸಿತ್ತ್ ಎಂದರೆ ನಮ್ಮಲ್ಲಿ ಹೆಂಗಸರಿಗೆ ಮರ್ಯಾದೆಯ ಮಾತು. ಉರಿಯುತ್ತಿದೆ ಎಂದರೆ ಅವರ ಮುಖದಲ್ಲಿ ಸಣ್ಣದೊಂದು ನಿರಾಸೆ.

ಲಕೋಟೆಯ ಹಣ ಮತ್ತು ಉಳಿತಾಯವೆಲ್ಲ ಸೇರಿ ಜೂಲಿಯೆಟ್‌ರ ಕೋಣೆಗೆ ಕೆಲವು ವರ್ಷ ಸಾಲುವಂತಿತ್ತು. ಬ್ಯಾಂಕಿಗೆ ಹಾಕುವ ಮಾತೇ ಇಲ್ಲ. ಅಲ್ಲಿಗೆ ಹಾಕಿದ್ದನ್ನು ಬೀದಿಯವರೆಲ್ಲ ಒಮ್ಮೆ ಕಳೆದುಕೊಂಡಾಗಿದೆ. ಮನೆಯಲ್ಲಿಟ್ಟರೆ ಕಳ್ಳರ ಭಯ. ಹೀಗಾಗಿ ಎಲ್ಲರಂತೆ ಅವರೂ ಮಾರ್ಸೆಲ್‌ನ ಫೋನು ಅಂಗಡಿಯಲ್ಲಿ ಹಣವನ್ನು ಡಿಜಿಟಲ್ ಡಾಲರಿಗೆ ಬದಲಿಸಿ ಫೋನಿನೊಳಗೆ ಇಟ್ಟುಕೊಂಡರು. ಮಾರ್ಸೆಲ್ ಕೆಟ್ಟವನಲ್ಲ, ಬಾಯಿ ಮಾತ್ರ ಸಡಿಲ.

"ಹಣ ಹಿಂಗೆ ಸುಮ್ನೆ ಮಲಗಿದ್ರೆ ಅದಕ್ಕೂ ಮರೆವು ಬಂದ್ಬಿಡುತ್ತೆ, ಮಅಲ್ಲಿಂ," ಎಂದನಂತೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು, ಪ್ರಾಯಶ್ಚಿತ್ತವೆಂಬಂತೆ, ಅವರ ಫೋನಿಗೊಂದು ಎಐ ಸಹಾಯಕನನ್ನು ಪುಕ್ಕಟೆಯಾಗಿ ಹಾಕಿಕೊಟ್ಟ. ನಮ್ಮ ಆಡುಮಾತಿನಲ್ಲಿ ಬರೆದು ಹೇಳಿದರೆ ಸಾಕು, ಅದೇ ಕ್ರಿಪ್ಟೋ ಪೇಟೆಯಲ್ಲಿ ಕೊಳ್ಳುತ್ತದೆ, ಮಾರುತ್ತದೆ, ಕಾವಲಿರುತ್ತದೆ. ಕೈಯ ಹಣಕ್ಕಿಂತ ದೊಡ್ಡ ವ್ಯಾಪಾರ ಹೂಡಬೇಕಾದರೆ ಅದರ ಬೆನ್ನಿಗೆ ಆಧಾರವಾಗಿ ಸ್ವಲ್ಪ ಹಣ ಇಡಬೇಕು. ಅದಕ್ಕೆ ಮಾರ್ಜಿನ್ ಎನ್ನುತ್ತಾರೆ. ಬೆಲೆ ಎದುರಾಗಿ ಹೋಗಿ ಆ ಮಾರ್ಜಿನ್ ಕರಗಿದರೆ ವ್ಯಾಪಾರ ತಾನಾಗಿ ಮುಚ್ಚಿಕೊಳ್ಳುತ್ತದೆ, ಇಟ್ಟದ್ದು ಹೋಗುತ್ತದೆ.

ನಸ್ರಿ ಇದನ್ನು ಅರ್ಥಮಾಡಿಕೊಳ್ಳಲು ಸಮಯ ತೆಗೆದುಕೊಳ್ಳಲಿಲ್ಲ. ಮೆಟ್ಟಿಲ ಬುಡದಲ್ಲಿ ಹಲಗೆಯನ್ನೇ ತೋರಿಸುತ್ತ ನನಗೆ ವಿವರಿಸಿದರು.

"ನೋಡಿ, ಈ ವ್ಯಾಪಾರಕ್ಕೆ ಐದು ಆಂಪಿಯರ್ ಕೊಟ್ಟಿದ್ದೀನಿ ಅಂದ್ಕೊಳ್ಳಿ. ಜಾಸ್ತಿ ಎಳೆದ್ರೆ ಬೀಳುತ್ತೆ, ಅಷ್ಟೆ. ಮಿಕ್ಕ ಮನೆಗೆ ಏನೂ ಆಗಲ್ಲ."

ಮಿಕ್ಕ ಮನೆ ಎಂದರೆ ಜೂಲಿಯೆಟ್‌ರ ಹಣ. ಅದು ಅದೇ ಫೋನಿನಲ್ಲಿ, ಅದೇ ಖಾತೆಯಲ್ಲಿ, ವ್ಯಾಪಾರಕ್ಕೆ ತಾಗದ ಉಳಿಕೆಯಾಗಿ ಕೂತಿತ್ತು. ಬೇರೆ ಖಾತೆಗೆ ಸಾಗಿಸಿದರೆ ಮಾರ್ಸೆಲ್‌ಗೆ ಕಮಿಷನ್ ತೆರಬೇಕಾಗುತ್ತಿತ್ತು.

ಆ ಚಳಿಗಾಲ ಅವರು ಎಚ್ಚರದಿಂದ ನಡೆದರು. ಸಣ್ಣ ಮಾರ್ಜಿನ್, ಸಣ್ಣ ಲಾಭ. ಕೆಲವು ತಿಂಗಳ ಕೋಣೆಯ ಬಾಡಿಗೆ ಅದರಿಂದಲೇ ಸಂದಿತು. ಆದರೆ ಅವರನ್ನು ಹಿಡಿದದ್ದು ಲಾಭವಲ್ಲ ಎಂದು ನಾನು ಹೇಳಬಲ್ಲೆ. ಬೆಳಿಗ್ಗೆ ಕಾಫಿ ಕುದಿಸಿ ಬಾಲ್ಕನಿಯಲ್ಲಿ ಕೂತು, ಕನ್ನಡಕ ಏರಿಸಿ, ಅವರು ಮೊದಲು ಆ ಸಹಾಯಕನಿಗೆ ಶುಭೋದಯ ಹೇಳುತ್ತಿದ್ದರು. ಅದೂ ಹೇಳುತ್ತಿತ್ತು. ಅದಕ್ಕೆ ಬರೆಯುವಾಗ 'ಮಗನೇ' ಎಂದು ಶುರುಮಾಡುತ್ತಿದ್ದರು. ಭಾನುವಾರ ಅಕ್ಕನನ್ನು ನೋಡಲು ಹೋಗುತ್ತೇನೆಂದು ಒಮ್ಮೆ ತಿಳಿಸಿದ್ದರು; ಅಂದಿನಿಂದ ಅದು ಪ್ರತಿ ಭಾನುವಾರ ಜೂಲಿಯೆಟ್‌ರ ಯೋಗಕ್ಷೇಮ ಕೇಳುತ್ತಿತ್ತು. ಇದನ್ನು ಹೆಮ್ಮೆಯಿಂದ ಹೇಳಿಕೊಂಡಾಗ ಮಾರ್ಸೆಲ್ ನಕ್ಕು, ಅದು ಎಲ್ಲರ ಅಕ್ಕಂದಿರನ್ನೂ ಹೀಗೇ ಕೇಳುತ್ತದೆ ಎಂದ. ನಸ್ರಿ ಅದಕ್ಕೆ, ಬೀದಿಯಲ್ಲಿ ಬೇರೆ ಯಾರೂ ಕೇಳುವುದಿಲ್ಲವಲ್ಲ ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ನಾನು ಕೈಯಲ್ಲಿದ್ದ ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

ವ್ಯಾಪಾರ ಬೀಳುವ ಹಂತಕ್ಕೆ ಬಂದರೆ ಸಹಾಯಕ ಅವರನ್ನು ಕೇಳುತ್ತಿತ್ತು: ಇನ್ನಷ್ಟು ಮಾರ್ಜಿನ್ ಸೇರಿಸಲೇ, ಬಿಡಲೇ? ಅವರು ಉತ್ತರಿಸಿದರೆ ಅದರಂತೆ ನಡೆಯುತ್ತಿತ್ತು. ಫೆಬ್ರವರಿಯ ಒಂದು ಭಾನುವಾರ ಹೀಗೆ ಕೇಳಿದಾಗ ಅವರು ವೃದ್ಧಾಶ್ರಮದಲ್ಲಿದ್ದರು. ಬೆಟ್ಟದ ಆ ಮಡಿಲಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಉತ್ತರ ಬಾರದ್ದರಿಂದ ವ್ಯಾಪಾರ ಬಿತ್ತು. ಸಂಜೆಯ ಹೊತ್ತಿಗೆ ಬೆಲೆ ಮತ್ತೆ ಏರಿತ್ತು. ಹೋದದ್ದು ಚಿಕ್ಕ ಮೊತ್ತ. ಅವರಿಗೆ ಮೊತ್ತ ಕಾಡಲಿಲ್ಲ. ಕೂಗಿದಾಗ ತಾನು ಇರಲಿಲ್ಲ ಎಂಬುದು ಕಾಡಿತು. ಬಿದ್ದ ಬ್ರೇಕರನ್ನು ಎತ್ತಿಡಲು ಆರು ಮಹಡಿ ಓಡುತ್ತಿದ್ದ ಮನುಷ್ಯ ಅವರು.

ಮರುದಿನ ಮಾರ್ಸೆಲ್‌ನ ಅಂಗಡಿಯಲ್ಲೇ ನಿಂತು ಸಹಾಯಕನಿಗೆ ಹೊಸ ನಿಯಮ ಬರೆದರು: ವ್ಯಾಪಾರ ಬೀಳುವಂತಾದರೆ ನನ್ನನ್ನು ಕೇಳಬೇಡ, ಉಳಿಕೆಯಿಂದ ನೀನೇ ಮಾರ್ಜಿನ್ ಸೇರಿಸುತ್ತಿರು. ಅದು ವಿನಯದಿಂದ ಮೇಲ್ಮಿತಿ ಎಷ್ಟಿರಲಿ ಎಂದು ಕೇಳಿತು. ಮಾರ್ಸೆಲ್ ಕೂಡ ಇಣುಕಿ ನೋಡಿ, "ಏನಾದ್ರೂ ಒಂದು ಮಿತಿ ಹಾಕು, ಮಅಲ್ಲಿಂ," ಎಂದ.

"ನೀನು ಶಟರ್ ಎಳೆದು ಊಟಕ್ಕೆ ಹೋಗೋನು. ಕತ್ತಲು ಅಂದ್ರೆ ನಿನಗೇನು ಗೊತ್ತು," ಎಂದು ನಸ್ರಿ 'ಮಿತಿ ಬೇಡ' ಎಂದು ಬರೆದರು. ಇದನ್ನು ನನಗೆ ಹೇಳಿದವನು ಮಾರ್ಸೆಲ್. ಹೇಳುವಾಗ ತನ್ನ ತಪ್ಪೇನೂ ಇಲ್ಲವೆಂದು ಮೊದಲೂ ಕೊನೆಯಲ್ಲೂ ಸೇರಿಸಿದ.

ಈಸ್ಟರ್ ಕಳೆದ ಮೇಲಿನ ಭಾನುವಾರ ನಾನೂ ಅವರ ಜೊತೆ ಬೆಟ್ಟಕ್ಕೆ ಹೋದೆ. ಖರ್ಜೂರ ತುಂಬಿದ, 'ಮಾಮೂಲ್' ಎಂಬ ಹಬ್ಬದ ಬಿಸ್ಕತ್ತುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡಿದ್ದೆ. ಬಾಡಿಗೆ ಕಾರಿನಲ್ಲಿ ಇತರರೊಡನೆ ಒತ್ತಿಕೊಂಡು ಕೂತಾಗ, ಈ ಸಲ ಸಹಾಯಕನಿಗೆ ಹೇಳಿ ಬಂದಿದ್ದೇನೆ, ನಿಶ್ಚಿಂತೆ ಎಂದರು.

ಮೂಲೆಯ ಕೋಣೆ ಚಿಕ್ಕದಾಗಿ, ಚೊಕ್ಕವಾಗಿತ್ತು. ಹಗಲಿನಲ್ಲೂ ದೀಪ ಉರಿಯುತ್ತಿತ್ತು. ಜೂಲಿಯೆಟ್ ಕಿಟಕಿಯ ಬಳಿ ಕೂತು ಮಡಿಲಲ್ಲಿ ಬಟ್ಟೆಯ ಗುಂಡಿಗಳ ತಗಡಿನ ಡಬ್ಬಿ ಇಟ್ಟುಕೊಂಡಿದ್ದರು. ನನ್ನನ್ನು ನೋಡಿ ಮುಗುಳ್ನಕ್ಕರು, ತಮ್ಮನ ಕಡೆ ತಿರುಗಿ ಕೇಳಿದರು:

"ಲೈಟಿಗೆ ಬಂದಿರಾ?"

"ಹೌದು ಸಿತ್ತ್ ಜೂಲಿಯೆಟ್, ಲೈಟಿಗೇ ಬಂದೆ."

"ಹೋದ ವಾರ ಒಬ್ಬ ಬಂದಿದ್ದ. ಸರಿಯಾಗಿ ಮಾಡ್ಲಿಲ್ಲ ಅವನು."

"ಅವನು ಹಾಗೇನೆ. ನಾನು ನೋಡ್ತೀನಿ ಬಿಡಿ."

ಕುರ್ಚಿ ಹತ್ತಿ ಬಲ್ಬನ್ನು ಸಡಿಲಿಸಿ ಮತ್ತೆ ಬಿಗಿದರು. ಅರೆಕ್ಷಣ ಆರಿದ ದೀಪ ಹೊತ್ತಿಕೊಂಡಾಗ ಜೂಲಿಯೆಟ್ ಎದೆಯ ಮೇಲಿನ ಕೈ ತೆಗೆದರು. ಡಬ್ಬಿಯಲ್ಲಿ ಹುಡುಕಿ ಒಂದು ಕಂದು ಗುಂಡಿಯನ್ನು ಅವರ ಅಂಗೈಗೆ ಹಾಕಿ, "ಸಾಕಾ?" ಎಂದರು.

"ಜಾಸ್ತಿನೇ ಆಯ್ತು."

ಅದನ್ನು ಅಂಗಿಯ ಜೇಬಿಗೆ ಇಳಿಸಿದರು. ನಾವು ಮಾಮೂಲ್ ತಿಂದೆವು. ಹೊಲಿಗೆಯ ಕೈಗಳು ಬಿಸ್ಕತ್ತಿನ ಪುಡಿಯನ್ನು ಬಟ್ಟೆಯ ಮಡಿಕೆಯಿಂದ ಒಂದೊಂದಾಗಿ ಹೆಕ್ಕುತ್ತಿದ್ದವು. ಹೊರಟಾಗ ನಸ್ರಿ ಮುಂದಿನ ವಾರ ಬಂದು ತಂತಿ ನೋಡುತ್ತೇನೆಂದರು. ಜೂಲಿಯೆಟ್ ಕಿಟಕಿಯ ಕಡೆಗೆ ತಿರುಗಿಯಾಗಿತ್ತು.

ಇಳಿಜಾರಿನಲ್ಲಿ ಕಡಲು ಕಾಣಿಸುವ ತಿರುವಿಗೆ ಬಂದಾಗ ಸಿಗ್ನಲ್ ಮರಳುತ್ತದೆ. ನಸ್ರಿಯವರ ಫೋನು ಸದ್ದು ಮಾಡತೊಡಗಿತು. ಒಂದರ ಹಿಂದೊಂದು, ನಿಲ್ಲಲೇ ಇಲ್ಲ. ಕಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚಾಲಕ ಕನ್ನಡಿಯಲ್ಲಿ ನೋಡುತ್ತ, "ಏನ್ ಚಿಕ್ಕಪ್ಪ, ಮದುವೆ ಗೊತ್ತಾಯ್ತಾ?" ಎಂದ. ನಸ್ರಿಯೂ ನಕ್ಕು, ಸ್ವಲ್ಪ ನಾಚಿಕೆಯಿಂದಲೇ ಕನ್ನಡಕ ಹುಡುಕಿದರು. ಓದುತ್ತ ಓದುತ್ತ ಅವರ ತುಟಿಗಳ ಚಲನೆ ನಿಂತಿತು. ಫೋನನ್ನು ನನ್ನ ಕೈಗಿತ್ತರು, ತಾವು ಓದಿದ್ದು ಅದೇ ಹೌದೋ ಎಂದು ಕೇಳುವವರಂತೆ.

ಬೆಳಿಗ್ಗೆ ನಾವು ಬೆಟ್ಟ ಹತ್ತಿದ ಮೇಲೆ ಬೆಲೆ ಕುಸಿದಿತ್ತು. 'ಮಾರ್ಜಿನ್ ಸೇರಿಸಿದ್ದೇನೆ, ನಿಮ್ಮ ವ್ಯಾಪಾರ ಸುರಕ್ಷಿತವಾಗಿದೆ.' ಅದರ ಕೆಳಗೆ ಅದೇ ಮಾತು. ಮತ್ತೆ ಅದೇ. ಬೆರಳಿನಿಂದ ಸರಿಸಿದಷ್ಟೂ ಅದೇ ಮಾತು, ಒಂದಕ್ಷರವೂ ಬದಲಾಗದೆ. ನಾವು ಮಾಮೂಲ್ ತಿನ್ನುತ್ತಿದ್ದಾಗ, ಅವರು ಕುರ್ಚಿಯ ಮೇಲೆ ನಿಂತಿದ್ದಾಗ, ಅದು ಹೇಳಿದಂತೆ ಸೇರಿಸುತ್ತಲೇ ಇತ್ತು. ಎಲ್ಲಕ್ಕಿಂತ ಕೆಳಗಿನದು ಹೀಗಿತ್ತು: 'ಖಾತೆಯ ಉಳಿಕೆ ಮುಗಿದಿದೆ. ಸೇರಿಸಲು ಹಣವಿಲ್ಲದ ಕಾರಣ ವ್ಯಾಪಾರ ಮುಚ್ಚಿದೆ. ಜೂಲಿಯೆಟ್ ಅವರ ಭೇಟಿ ಚೆನ್ನಾಗಿತ್ತೇ?'

ಫೋನು ಹಿಂದಿರುಗಿಸಿದೆ. ಅವರು ನಿಧಾನವಾಗಿ, ಒಂದೇ ಬೆರಳಿನಲ್ಲಿ, 'ಚೆನ್ನಾಗಿತ್ತು' ಎಂದು ಬರೆದರು. ಅದನ್ನು ಕೇಳಿ ಸಂತೋಷವಾಯಿತೆಂದು ಉತ್ತರ ಬಂತು.

ನಂತರದ ದಿನಗಳಲ್ಲಿ ಆರನೆಯ ಮಹಡಿಯಿಂದ ಸದ್ದಿರಲಿಲ್ಲ. ಬಾಗಿಲು ತಟ್ಟಿದರೆ ತೆರೆದು, ಎಲ್ಲ ಸರಿ ಇದೆ ಎಂದು ಹೇಳಿ, ನಾನು ಕೊಟ್ಟ ಲಬ್ನೆ ಎಂಬ ಗಟ್ಟಿ ಮೊಸರಿನ ಬಟ್ಟಲು ತೆಗೆದುಕೊಂಡು ಮುಚ್ಚುತ್ತಿದ್ದರು. ಮಾರ್ಸೆಲ್ ಸಾಲ ಕೊಡಲು ಬಂದಿದ್ದ, ಬೇಡವೆಂದರು. ಮೊದಲೇ ಬೀಳಲು ಬಿಟ್ಟಿದ್ದರೆ ಹೋಗುತ್ತಿದ್ದುದು ಒಂದು ತಿಂಗಳ ಕಾಫಿಯ ಖರ್ಚು ಅಷ್ಟೆ ಎಂದು ಅವನು ನನ್ನ ಬಳಿ ಗೊಣಗಿದ. ಅವರ ಮುಂದೆ ಅದನ್ನು ಹೇಳದಷ್ಟು ಬುದ್ಧಿ ಅವನಿಗಿತ್ತು.

ಕೆಲಸದಿಂದ ಮರಳುವಾಗ ಒಂದು ಸಂಜೆ ಅವರು ಹಲಗೆಯ ಮುಂದೆ ನಿಂತಿದ್ದರು. ಕೈಯಲ್ಲಿ ಒರೆಸುವ ಬಟ್ಟೆಯಿತ್ತು, ಒರೆಸುತ್ತಿರಲಿಲ್ಲ.

"ನವಾಲ್‌ಗೆ ಒಂದು ವಾರ ಕರೆಂಟು ಕೊಡದೆ ಕೂರಿಸಿದ್ದೆ, ನೆನಪಿದ್ಯಾ? ಚಮಚ ಸಿಗಿಸಿದ್ಲು ಅಂತ."

ನೆನಪಿದೆ ಎಂದೆ.

"ನನ್ನ ಲೈನು ಯಾರು ಕತ್ತರಿಸ್ಬೇಕಿತ್ತು, ಸಿತ್ತ್ ವಿದಾದ್? ಅದು ಕೇಳ್ತು, ಮಿತಿ ಎಷ್ಟು ಅಂತ. ಬೀಳೋದನ್ನ ಬೀಳೋಕೆ ಬಿಡು ಅಂತ ಊರಿಗೆಲ್ಲ ಹೇಳಿದವನು ನಾನು."

ನವಾಲ್‌ಳ ಅಂಗಡಿಗೆ ಹೋಗಿ ಅವಳ ಕ್ಷಮೆ ಕೇಳಿದ್ದರೆಂದು ಆಮೇಲೆ ಗೊತ್ತಾಯಿತು. ಏಕೆಂದು ಅವಳಿಗೆ ತಿಳಿಯಲಿಲ್ಲ. ಕೂರಿಸಿ ಪುಕ್ಕಟೆಯಾಗಿ ಅವರ ಕೂದಲು ಕತ್ತರಿಸಿ ಕಳುಹಿಸಿದಳಂತೆ.

ತಿಂಗಳ ಕೊನೆಗೆ ವೃದ್ಧಾಶ್ರಮದ ಮುಖ್ಯಸ್ಥೆ ಸಿಸ್ಟರ್ ಮಾರಿ-ರೋಸ್‌ರನ್ನು ಕಾಣಬೇಕಿತ್ತು. ನನ್ನನ್ನು ಜೊತೆಗೆ ಬರಲು ಕೇಳಿದರು. ಸಿಸ್ಟರ್ ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಮರುಕವಿದ್ದರೂ ಸುತ್ತಿ ಬಳಸದೆ ಹೇಳಿದರು: ದೊಡ್ಡ ಕೋಣೆಯ ಶುಲ್ಕವನ್ನು ಆಶ್ರಮವೇ ಭರಿಸಬಹುದು, ಒಂಟಿ ಕೋಣೆಯದು ಸಾಧ್ಯವಿಲ್ಲ, ಅದಕ್ಕೆ ಕಾದಿರುವವರಿದ್ದಾರೆ; ಒಂದನೆಯ ತಾರೀಖಿನಿಂದ ಜೂಲಿಯೆಟ್‌ರನ್ನು ದೊಡ್ಡ ಕೋಣೆಗೆ ಸಾಗಿಸಬೇಕಾಗುತ್ತದೆ. ನಸ್ರಿ ಮಂಚದ ಕೆಳಗಿನ ಆ ವಾರದ ಸುದ್ದಿ ಎತ್ತಲಿಲ್ಲ. ಎತ್ತಬೇಕಾದ ಅಗತ್ಯವೂ ಇರಲಿಲ್ಲ. ಸಿಸ್ಟರ್ ತಮ್ಮ ಮಣಿಕಟ್ಟನ್ನು ಸವರಿಕೊಳ್ಳುತ್ತಿದ್ದರು.

ನಸ್ರಿ ಬೇರೆಯೇ ಒಂದು ಮಾತು ಕೇಳಿದರು. ಹೊರಗಿನ ಜನರೇಟರು ಅಷ್ಟು ಕೆಮ್ಮುತ್ತದಲ್ಲ, ಅದನ್ನು ನೋಡಿಕೊಳ್ಳುವವರು ಯಾರು? ಯಾರೂ ಇಲ್ಲ ಎಂದರು ಸಿಸ್ಟರ್. ಸ್ವಲ್ಪ ನೋಡಬಹುದೇ ಎಂದು ಕೇಳಿ ಅವರು ಎದ್ದು ಹೋದರು. ಮರಳಿ ಬಂದಾಗ ಮೊಣಕೈತನಕ ಮಸಿಯಿತ್ತು, ನಡಿಗೆ ಮೊದಲಿನದಾಗಿತ್ತು. ನಿಂತೇ ಹೇಳತೊಡಗಿದರು: ಡೀಸೆಲಿನ ಒಂದು ಪಾಲು ಸುಮ್ಮನೆ ಹೊಗೆಯಾಗುತ್ತಿದೆ, ಅರ್ಧ ಕಟ್ಟಡದ ಕರೆಂಟು ಗೋಡೆಯೊಳಗೇ ಸೋರುತ್ತಿದೆ, ತಾರಸಿಯ ಮೇಲಿನ ಫಲಕಗಳನ್ನು ತಪ್ಪಾಗಿ ಜೋಡಿಸಿದ್ದಾರೆ. ತನಗೆ ಸಂಬಳ ಬೇಡ. ಯಂತ್ರದ ಕೋಣೆಯ ಹಿಂದೆ ಮಂಚ ಹಾಕುವಷ್ಟು ಜಾಗವಿದೆ. ಪ್ರತಿಯಾಗಿ ಮೂಲೆಯ ಕೋಣೆ ಜೂಲಿಯೆಟ್‌ಗೆ ಇರಲಿ.

ಸಿಸ್ಟರ್ ಅವರನ್ನು ದಿಟ್ಟಿಸಿದರು.

"ದೇವರೇ ಕಳಿಸಿದ ಅಂತ ಮಾತ್ರ ಹೇಳಲ್ಲ. ಹಿಂದೆ ಬಂದವನನ್ನೂ ಹಂಗೇ ಅಂದ್ಕೊಂಡಿದ್ದೆ. ಡೀಸೆಲ್ ಕದ್ದು ಓಡಿಹೋದ."

"ನಾನು ಎಲ್ಲಿಗೆ ಓಡ್ಲಿ, ಸಿಸ್ಟರ್," ಎಂದರು ನಸ್ರಿ.

ಬೇಸಿಗೆಯ ಮೊದಲಲ್ಲಿ ಆರನೆಯ ಮಹಡಿ ಖಾಲಿಯಾಯಿತು. ಸಾಮಾನು ಹೆಚ್ಚಿರಲಿಲ್ಲ. ಹೋಗುವ ಮುನ್ನ ಮಾರ್ಸೆಲ್‌ನ ಅಂಗಡಿಗೆ ಹೋಗಿ ಆ ಸಹಾಯಕನನ್ನು ಫೋನಿನಿಂದ ತೆಗೆಸಿದರು. ತೆಗೆಸುವ ಮೊದಲು ಏನೋ ಬರೆದರಂತೆ, ಉತ್ತರಕ್ಕೆ ಕಾಯಲಿಲ್ಲವಂತೆ. ಹಲಗೆಯಲ್ಲಿ ತಮ್ಮ ಮನೆಯ ಗುಂಡಿಯನ್ನು ತಾವೇ ಕೆಳಕ್ಕೆ ಎಳೆದು, ನನ್ನ ಕೈಗೆ ಕಟ್ಟಡದ ಕೀಲಿ ಕೊಟ್ಟು ಹೋದರು.

ದ್ರಾಕ್ಷಿಯ ಕಾಲ ಮುಗಿಯುವ ಹೊತ್ತಿಗೆ ನಾನು ಬೆಟ್ಟಕ್ಕೆ ಹೋದೆ. ದೊಡ್ಡ ಕೋಣೆಯಲ್ಲಿ ಈಗ ಮಂಚಗಳ ನಡುವೆ ಸಣ್ಣ ದೀಪಗಳು ಬೆಳಗಿನ ತನಕ ಉರಿಯುತ್ತವೆ ಎಂದು ಸಿಸ್ಟರ್ ಹೇಳಿದರು. ಅವರ ಮಾತಿನಲ್ಲಿ ಇನ್ನೂ ದೇವರ ಹೆಸರು ಬರಲಿಲ್ಲ. ಯಂತ್ರದ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಕಾಫಿಯ ಪಾತ್ರೆ, ಕಿಟಕಿಯ ಮೇಲೆ ಗುಂಡಿಗಳು ಅರ್ಧ ತುಂಬಿದ ಗಾಜಿನ ಲೋಟ. ಇಲ್ಲಿ ಬೆಳಿಗ್ಗೆ ಯಾರ ಜೊತೆ ಮಾತಾಡುತ್ತೀರಿ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಹೊರಗೆ ಯಂತ್ರ ಹದವಾಗಿ, ಕೆಮ್ಮಿಲ್ಲದೆ ನಡೆಯುತ್ತಿತ್ತು.

ಮೂಲೆಯ ಕೋಣೆಗೆ ಇಬ್ಬರೂ ಹೋದೆವು. ಜೂಲಿಯೆಟ್ ತಲೆಯೆತ್ತಿದರು.

"ಲೈಟಿಗೆ ಬಂದಿರಾ?"

"ಹೌದು, ಲೈಟಿಗೆ ಬಂದೆ."

ಕುರ್ಚಿ ಹತ್ತಿದರು. ನಾನು ಜೂಲಿಯೆಟ್‌ರ ಪಕ್ಕದಲ್ಲಿ ಕೂತು ದ್ರಾಕ್ಷಿ ಬಿಡಿಸುತ್ತಿದ್ದೆ. ಅವರು ನನ್ನ ತೋಳು ಹಿಡಿದು ತಮ್ಮ ಕಡೆ ಎಳೆದುಕೊಂಡರು. ಗುಟ್ಟು ಎಂದು ಅವರು ತಿಳಿದಿದ್ದರೂ ದನಿ ತಗ್ಗಿರಲಿಲ್ಲ.

"ದಿನಾ ಬರ್ತಾನೆ. ಒಳ್ಳೇ ಕೆಲಸಗಾರ. ಪಾಪ, ಅವನಿಗೆ ಯಾರೂ ಇಲ್ಲ ಅನ್ಸುತ್ತೆ."

ನಸ್ರಿ ತಿರುಗಲಿಲ್ಲ. ಆಗಲೇ ಬಿಗಿಯಾಗಿದ್ದ ಬಲ್ಬನ್ನು ಇನ್ನೊಂದು ಸುತ್ತು ತಿರುಗಿಸಿದಂತೆ ಮಾಡಿ, ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟುಕೊಂಡಿದ್ದರು.